ನಮ್ಮ ಮಕ್ಕಳಿಗೆ ಕೊಡುವುದನ್ನು ಕಲಿಸೋಣ – ಕ್ರಿಸ್ಮಸ್ ಕುಟುಂಬ ಪಾಠ

ಓದುವ ಭಾಗ: 2 ಸಮುವೇಲ 24:18-25, ಲೂಕ 2:22-24, 2 ಕೊರಿಂಥ 8:1-12



ಇವತ್ತು ಪ್ರಸಂಗ ಅನ್ನೋದಕ್ಕಿಂತ ಒಂದು ಪಾಠ ಅಂದುಕೊಳ್ಳಿ. ಮಕ್ಕಳಿರುವ ತಂದೆತಾಯಂದಿರಿಗೆ ಅಂತ ಸಿದ್ಧಮಾಡಿಕೊಂಡು ಬಂದೆ. ಆದರೆ ಪಿಜಿಯಲ್ಲಿರುವ ಬ್ಯಾಚುಲರ್ ಸಹೋದರರು "ಇದು ನಮಗಲ್ಲ" ಅಂತ ಈಗಲೇ ಫೋನ್ ತೆಗೀಬೇಡಿ. ನಿಮಗೂ ಒಂದು ದಿನ ಮನೆ ಆಗುತ್ತೆ. ಇನ್ನೊಂದು ಮಾತು, ನಮ್ಮ ಪೆಂತೆಕೊಸ್ತ ಸಭೆಗಳಲ್ಲೇ ಡಿಸೆಂಬರ್ 25 ಅನ್ನು ಆಚರಿಸದವರೂ ಇದ್ದಾರೆ. ಆ ತಾರೀಖು ಸತ್ಯವೇದದಲ್ಲಿ ಇಲ್ಲ ಅನ್ನೋದು ನಿಜವೇ. ನಾನು ಅದಕ್ಕೆ ವಾದ ಮಾಡಲ್ಲ. ತಾರೀಖು ಯಾವುದೇ ಇರಲಿ, ದೇವರು ತನ್ನ ಮಗನನ್ನು ಕೊಟ್ಟ ದಿನವನ್ನು ನೆನಪು ಮಾಡಿಕೊಳ್ಳುವಾಗ ನಮ್ಮ ಮಕ್ಕಳು ನಮ್ಮ ಮನೆಯಲ್ಲಿ ಏನು ನೋಡ್ತಾರೆ, ಅದು ಇವತ್ತಿನ ವಿಷಯ.

ಹೋದ ವರ್ಷ ಡಿಸೆಂಬರ್ ಒಂದನೇ ತಾರೀಖು ನಮ್ಮ ಮನೆಯ ಹಾಲ್‌ನಲ್ಲಿ ಒಂದು ದೊಡ್ಡ ಕಾರ್ಟನ್ ಬಾಕ್ಸ್ ಇಟ್ಟೆವು. ಆನ್‌ಲೈನ್‌ನಲ್ಲಿ ಮಿಕ್ಸಿ ಬಂದಿದ್ದ ಬಾಕ್ಸ್. "ಇದರಲ್ಲಿ ಎಲ್ಲರೂ ಏನಾದರೂ ಹಾಕಬೇಕು, ಕ್ರಿಸ್ಮಸ್‌ಗೆ ಇಲ್ಲದವರಿಗೆ ಕೊಡೋಣ" ಅಂತ ಮಗಳಿಗೆ ಹೇಳಿದೆ. ಆಗ ಅವಳಿಗೆ ಏಳು ವರ್ಷ. ಎರಡು ದಿನ ಆದಮೇಲೆ ನೋಡ್ತೀನಿ, ಒಂದು ಕೈ ಕಿತ್ತುಹೋದ ಗೊಂಬೆ, ಅರ್ಧ ಸವೆದ ಕ್ರೇಯಾನ್ಸ್, ಮುಚ್ಚಳ ಇಲ್ಲದ ನೀರಿನ ಬಾಟಲ್. ನನಗೆ ಕೋಪ ಬಂತು. ಪಾಸ್ಟರ್ ಮಗಳು ಹೀಗಾ? ಕರೆದು ಬುದ್ಧಿ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದ, "ರೀ, ಮೊದಲು ನೀವು ಹಾಕಿದ್ದನ್ನ ನೋಡಿ" ಅಂದಳು.

ನಾನು ಹಾಕಿದ್ದು ಏನು ಗೊತ್ತಾ? ಕಾಲರ್ ಸವೆದ ಎರಡು ಶರ್ಟ್. ಜಿಪ್ ಹಾಳಾದ ಲ್ಯಾಪ್‌ಟಾಪ್ ಬ್ಯಾಗ್. ಆಫೀಸಲ್ಲಿ ದೀಪಾವಳಿಗೆ ಕೊಟ್ಟಿದ್ದ, ನಮಗೆ ಬೇಡವಾದ ಒಂದು ಡಬ್ಬಿ. ನನ್ನ ಮಗಳು ನನ್ನಿಂದಲೇ ಕಲಿತಿದ್ದಳು. ಅವಳ ಲೆಕ್ಕದಲ್ಲಿ 'ಇಲ್ಲದವರಿಗೆ ಕೊಡುವುದು' ಅಂದ್ರೆ 'ನಮಗೆ ಬೇಡವಾದದ್ದನ್ನು ಮನೆಯಿಂದ ಹೊರಗೆ ಹಾಕುವುದು'. ಪ್ರಿಯರೇ, ಅದಕ್ಕೆ ಬೇರೆ ಹೆಸರಿದೆ. ಕಸ ವಿಲೇವಾರಿ. ಅದನ್ನ ಕಸದ ಗಾಡಿಯವರೂ ಮಾಡ್ತಾರೆ.

ಮಲಾಕಿಯ 1ನೇ ಅಧ್ಯಾಯ 8ನೇ ವಚನ ಮನೆಗೆ ಹೋಗಿ ಓದಿ. ಜನರು ಕುರುಡು ಪಶು, ಕುಂಟು ಪಶು, ರೋಗದ ಪಶುವನ್ನು ದೇವರಿಗೆ ತರ್ತಿದ್ದರು. ಇದನ್ನೇ ನಿಮ್ಮ ದೇಶಾಧಿಪತಿಗೆ ಕೊಡಿ ನೋಡೋಣ, ಅವನು ತೆಗೆದುಕೊಳ್ತಾನಾ ಅಂತ ದೇವರು ಕೇಳ್ತಾನೆ. ನಮ್ಮ ಮ್ಯಾನೇಜರ್ ಮಗುವಿನ ಹುಟ್ಟುಹಬ್ಬಕ್ಕೆ ನಾವು ಕೈ ಕಿತ್ತ ಗೊಂಬೆ ತಗೊಂಡು ಹೋಗ್ತೀವಾ? ಇಲ್ಲ. ಆದರೆ ಬಡವರ ಮಗುವಿಗೆ ಪರವಾಗಿಲ್ಲ, ಅಲ್ವಾ?

ಈಗ 2 ಸಮುವೇಲ 24ಕ್ಕೆ ಬನ್ನಿ. ದಾವೀದ ಜನಗಣತಿ ಮಾಡಿಸಿ ಪಾಪ ಮಾಡಿದ್ದಾನೆ, ದೇಶದಲ್ಲಿ ವ್ಯಾಧಿ ಬಂದಿದೆ. ಗಾದ ಎಂಬ ಪ್ರವಾದಿ ಬಂದು, ಯೆಬೂಸಿಯನಾದ ಅರೌನನ ಕಣದಲ್ಲಿ ಯಜ್ಞವೇದಿ ಕಟ್ಟು ಅಂತಾನೆ. ಕಣ ಅಂದ್ರೆ ಚುನಾವಣಾ ಕಣ ಅಲ್ಲ, ಬೆಂಗಳೂರಲ್ಲೇ ಹುಟ್ಟಿದವರಿಗೆ ಹೇಳ್ತಿದ್ದೀನಿ, ಸುಗ್ಗಿಯಲ್ಲಿ ಪೈರು ಬಡಿದು ಕಾಳು ಬಿಡಿಸುವ ಜಾಗ. ಅರೌನ ಒಳ್ಳೆಯ ಮನುಷ್ಯ. ರಾಜನೇ ಮನೆ ಬಾಗಿಲಿಗೆ ಬಂದಿದ್ದಾನೆ, ಎಲ್ಲಾ ಸುಮ್ಮನೆ ತಗೋ ಅಂತಾನೆ. ಯಜ್ಞಕ್ಕೆ ಎತ್ತು ಇದೆ, ಸೌದೆಗೆ ನೊಗ ಇದೆ. ಎಲ್ಲಾ ಫ್ರೀ. ನಾವಾಗಿದ್ರೆ "ದೇವರು ಬಾಗಿಲು ತೆರೆದ, ಸ್ತೋತ್ರ" ಅಂತ ಸಾಕ್ಷಿ ಹೇಳಿ ತಗೊಂಡುಬಿಡ್ತಿದ್ದೆವು. ದಾವೀದ ತಗೊಳ್ಳಲ್ಲ. ನನಗೆ ಏನೂ ಖರ್ಚಾಗದ್ದನ್ನು ನನ್ನ ದೇವರಿಗೆ ಅರ್ಪಿಸುವುದಿಲ್ಲ ಅಂತ ಹೇಳಿ 50 ಶೆಕೆಲ್ ಬೆಳ್ಳಿ ಕೊಟ್ಟು ಕಣವನ್ನೂ ಎತ್ತುಗಳನ್ನೂ ಕೊಂಡುಕೊಳ್ತಾನೆ.

ಮಕ್ಕಳಿಗೆ ಇದನ್ನು ಹೇಳೋದು ಕಷ್ಟ ಅಲ್ಲ. ನನ್ನ ಮಗಳಿಗೆ ನಾನು ಹೀಗೆ ಹೇಳಿದೆ: "ಚಿನ್ನು, ನಿನಗೆ ಬೇಡದ್ದನ್ನ ಹಾಕಬೇಡ. ನಿನಗೆ ಇಷ್ಟ ಇರೋದ್ರಲ್ಲಿ ಒಂದು ಹಾಕು. ಹಾಕೋಕೆ ಮನಸ್ಸಿಲ್ಲ ಅಂದ್ರೆ ಈ ಸಲ ಬೇಡ, ಬಲವಂತ ಇಲ್ಲ." ಕೊನೆಯ ಮಾತು ಮುಖ್ಯ. 2 ಕೊರಿಂಥ 9:7ರಲ್ಲಿ ಪೌಲನು ಒತ್ತಾಯದ ಕೊಡುವಿಕೆಯನ್ನು ಬೇಡ ಅಂತಾನೆ, ಹೃದಯದಲ್ಲಿ ನಿರ್ಣಯಿಸಿಕೊಂಡು ಕೊಡಿ ಅಂತಾನೆ. ನಾವು ಮಗುವಿನ ಕೈಯಿಂದ ಆಟದ ಸಾಮಾನು ಕಿತ್ತುಕೊಂಡು ಬೇರೆ ಮಗುವಿಗೆ ಕೊಟ್ಟರೆ ಕೊಟ್ಟವರು ನಾವು. ಮಗು ಕಳಕೊಂಡಿತು, ಅಷ್ಟೆ.

ಅವತ್ತು ಅವಳು ನನಗೆ ಒಂದು ಪ್ರಶ್ನೆ ಕೇಳಿದಳು. "ಅಪ್ಪಾ, ನಾನು ಒಳ್ಳೆ ಗೊಂಬೆ ಕೊಟ್ರೆ ಜೀಸಸ್ ನಂಗೆ ಎರಡು ಗೊಂಬೆ ಕೊಡ್ತಾರಾ?"

ನಗಬೇಡಿ. ಅವಳಿಗೆ ಅದನ್ನು ಯಾರು ಕಲಿಸಿದರು? ನಾನು. ಈ ಸ್ಟೇಜ್ ಮೇಲಿಂದ. ಕಾಣಿಕೆ ಸಮಯದಲ್ಲಿ ಎಷ್ಟು ಸಲ ಲೂಕ 6:38 ಹೇಳಿದ್ದೀವಿ, ಕೊಡಿರಿ, ಜಡಿದು ಅಲ್ಲಾಡಿಸಿ ಹೊರಚೆಲ್ಲುವ ಹಾಗೆ ನಿಮಗೆ ಸಿಗುತ್ತೆ ಅಂತ. ಮಗು ಮುಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡು ಗಣಿತ ಮಾಡಿದೆ: ಒಂದಕ್ಕೆ ಎರಡು. ಅವಳ ಗಣಿತ ಸರಿ, ನಮ್ಮ ಬೋಧನೆ ಅರ್ಧ. ಅದೇ ಅಧ್ಯಾಯದ 35ನೇ ವಚನ ಓದಿ. ತಿರುಗಿ ಪಡೆಯುವ ನಿರೀಕ್ಷೆ ಇಲ್ಲದೆ ಕೊಡಿ ಅಂತ ಯೇಸು ಸ್ವಾಮಿ ಮೂರು ವಚನ ಮೊದಲೇ ಹೇಳಿಬಿಟ್ಟಿದ್ದಾರೆ. ಅದೂ ಯಾರಿಗೆ? ವೈರಿಗಳಿಗೆ. ನಾವು 35 ಬಿಟ್ಟು 38ಕ್ಕೆ ಹಾರಿಬಿಡ್ತೀವಿ. ದೇವರು ಉದಾರಿ, ಅವನು ಕೊಡ್ತಾನೆ, ಅದರಲ್ಲಿ ನನಗೆ ಸಂದೇಹ ಇಲ್ಲ. ಆದರೆ ದೇವರು ಫಿಕ್ಸೆಡ್ ಡೆಪಾಸಿಟ್ ಅಲ್ಲ. ನಾನು ಮಗಳಿಗೆ, "ಇಲ್ಲ ಪುಟ್ಟ, ಎರಡು ಗೊಂಬೆ ಬರಲ್ಲ. ಆ ಗೊಂಬೆ ಹೋದ್ರೆ ಹೋದಂಗೆ. ನಿನಗೆ ಸ್ವಲ್ಪ ಬೇಜಾರಾಗುತ್ತೆ" ಅಂದೆ. ಅವಳು ಗೊಂಬೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಈ ಕಥೆ ಆಮೇಲೆ ಮುಗಿಸ್ತೀನಿ.

ಈಗ ತೆಗೆದುಕೊಳ್ಳುವವರ ಬಗ್ಗೆ. ಕೊಡುವವರಿಗೆ ಹೇಳಿಕೊಡೋದು ನಮಗೆ ಬರುತ್ತೆ, ತಗೊಳ್ಳೋ ಕಡೆ ನಿಂತು ನಾವು ಯೋಚನೆ ಮಾಡೋದು ಕಡಿಮೆ.

ನಾನು ಆ ಕಡೆ ನಿಂತಿದ್ದೆ. ಕೋಲಾರ ಜಿಲ್ಲೆಯ ಒಂದು ಹಳ್ಳಿ. ಅಪ್ಪ ಗಾರೆ ಕೆಲಸ. ನನಗೆ ಆಗ ಹತ್ತು ವರ್ಷ. ಕ್ರಿಸ್ಮಸ್ ಆರಾಧನೆ ಮುಗಿದ ಮೇಲೆ ಸಭೆಯಲ್ಲಿ ಬಟ್ಟೆ ಹಂಚಿದರು. ಒಬ್ಬೊಬ್ಬರ ಹೆಸರು ಮೈಕಲ್ಲಿ ಕರೆದರು. ನನ್ನ ಹೆಸರು ಬಂದಾಗ ಅಮ್ಮ ತಲೆ ತಗ್ಗಿಸಿದ್ದು ನನಗೆ ಇವತ್ತಿಗೂ ನೆನಪಿದೆ. ನೀಲಿ ಚೌಕಳಿ ಶರ್ಟ್. ಚೆನ್ನಾಗೇ ಇತ್ತು. ಜನವರಿಯಲ್ಲಿ ಸ್ಕೂಲಿಗೆ ಶನಿವಾರ ಅದನ್ನೇ ಹಾಕಿಕೊಂಡು ಹೋದೆ. ಕ್ಲಾಸಿನಲ್ಲಿ ಒಬ್ಬ ಹುಡುಗ ಜೋರಾಗಿ, "ಅದು ನನ್ನ ಶರ್ಟು ಕಣೋ, ನಮ್ಮಮ್ಮ ಚರ್ಚಿಗೆ ಕೊಟ್ಟಿದ್ದು" ಅಂದ. ಅವನು ಕೆಟ್ಟ ಹುಡುಗ ಅಲ್ಲ. ಕಂಡದ್ದನ್ನು ಹೇಳಿದ. ನಾನು ಆ ಶರ್ಟ್ ಮತ್ತೆ ಹಾಕಲಿಲ್ಲ. ಅಮ್ಮ ಯಾಕೆ ಅಂತ ಕೇಳಿದರೆ ಚುಚ್ಚುತ್ತೆ ಅಂತ ಸುಳ್ಳು ಹೇಳಿದೆ.

ಲೂಕ 2:24 ನಾನು ಬೈಬಲ್ ಕಾಲೇಜಿನಲ್ಲಿ ಮೊದಲ ಸಲ ಸರಿಯಾಗಿ ಓದಿದಾಗ ನನಗೆ ಆ ಶರ್ಟೇ ನೆನಪಾಯಿತು. ಮರಿಯಳು ಯೋಸೇಫರು ಕೂಸನ್ನು ಎತ್ತಿಕೊಂಡು ಯೆರೂಸಲೇಮಿನ ದೇವಾಲಯಕ್ಕೆ ಬಂದಿದ್ದಾರೆ. ಕಾಣಿಕೆ ಏನು? ಜೋಡಿ ಬೆಳವಕ್ಕಿ ಇಲ್ಲವೇ ಎರಡು ಪಾರಿವಾಳದ ಮರಿ. ಇದು ಯಾಕೆ ಮುಖ್ಯ ಅಂದ್ರೆ ಯಾಜಕಕಾಂಡ 12ನೇ ಅಧ್ಯಾಯದಲ್ಲಿ ನಿಯಮ ಇದೆ. ಹೆತ್ತ ತಾಯಿ ಒಂದು ವರ್ಷದ ಕುರಿಯನ್ನೂ ಅದರ ಜೊತೆ ಒಂದು ಹಕ್ಕಿಯನ್ನೂ ತರಬೇಕು. ಕುರಿ ತರುವ ಗತಿ ಇಲ್ಲದಿದ್ದರೆ ಎರಡು ಹಕ್ಕಿ ಸಾಕು. ಲೂಕನು ಕುರಿಯ ಮಾತೇ ಎತ್ತುವುದಿಲ್ಲ. ಅಂದರೆ ನಮ್ಮ ರಕ್ಷಕನ ಮನೆ ಕುರಿ ತರಲಾಗದ ಮನೆ. ನಾವು ಯಾರಿಗೆ 'ಪಾಪ, ಬಡವರು' ಅಂತೀವೋ ಆ ಕ್ಯೂನಲ್ಲಿ ಯೇಸು ಸ್ವಾಮಿ ತಾಯಿಯ ತೋಳಿನಲ್ಲಿ ಇದ್ದಾರೆ. ಹಲ್ಲೆಲೂಯ.

ಇನ್ನೊಂದು ವಿಷಯ ಗಮನಿಸಿ. ದೇವರ ನಿಯಮ ಬಡತಾಯಿಗೆ "ನೀನು ಕೊಡಬೇಡ, ನೀನು ತಗೋ" ಅನ್ನುವುದಿಲ್ಲ. ಅವಳ ಕೈಗೆ ಎಟುಕುವ ಕಾಣಿಕೆಯನ್ನು ಇಟ್ಟು, ಅವಳನ್ನೂ ಕೊಡುವವಳನ್ನಾಗಿ ಮಾಡುತ್ತೆ. ಜೋಯಿಸರನ್ನೂ ನೋಡಿ, ಮತ್ತಾಯ 2ನೇ ಅಧ್ಯಾಯ. ಚಿನ್ನ, ಧೂಪ, ರಕ್ತಬೋಳ. ಹಳೆಯದಾಯ್ತು ಅಂತ ತಂದದ್ದಲ್ಲ. ಆ ಚಿನ್ನವೇ ಐಗುಪ್ತಕ್ಕೆ ಓಡಿಹೋಗುವಾಗ ಖರ್ಚಿಗಾಯಿತು ಅಂತ ಅನೇಕ ಪ್ರಸಂಗಿಗಳು ಹೇಳ್ತಾರೆ. ಇರಬಹುದು, ವಾಕ್ಯ ಹಾಗೆ ಹೇಳುವುದಿಲ್ಲ, ನಾನೂ ಹೇಳಲ್ಲ. ವಾಕ್ಯ ಹೇಳೋದು ಇಷ್ಟು: ಅವರು ಅಡ್ಡಬಿದ್ದು ಆಮೇಲೆ ಗಂಟು ಬಿಚ್ಚಿದರು. ಕೊಡುವವರು ಕೆಳಗೆ, ತೆಗೆದುಕೊಳ್ಳುವ ಕೂಸು ಮೇಲೆ. ನಮ್ಮ ಹಂಚಿಕೆ ಕಾರ್ಯಕ್ರಮಗಳಲ್ಲಿ ಇದು ಉಲ್ಟಾ ಆಗಿರುತ್ತೆ.

ಈಗ ನನ್ನ ತಪ್ಪು. ಇದನ್ನ ಹೇಳದೆ ಈ ಪಾಠ ಮಾಡೋಕೆ ನನಗೆ ಯೋಗ್ಯತೆ ಇಲ್ಲ.

ಹೋದ ವರ್ಷ ನಮ್ಮ ಸಂಡೇ ಸ್ಕೂಲಿನಲ್ಲಿ ನಾನೇ ಒಂದು ಪ್ರಕಟಣೆ ಕೊಟ್ಟೆ. ಪ್ರತಿ ಮಗುವೂ ಇನ್ನೂರು ರೂಪಾಯಿಯ ಒಂದು ಗಿಫ್ಟ್ ಪ್ಯಾಕ್ ಮಾಡಿ ತರಬೇಕು, ಆ ಭಾನುವಾರ ಒಬ್ಬೊಬ್ಬರೇ ಮುಂದೆ ಬಂದು ಕ್ರಿಸ್ಮಸ್ ಟ್ರೀ ಕೆಳಗೆ ಇಡಬೇಕು. ಫೋಟೋ ಚೆನ್ನಾಗಿ ಬರುತ್ತೆ ಅಂತ. ಬಂತು ಕೂಡ. ಆದರೆ ಒಬ್ಬ ಹುಡುಗ ಆ ಭಾನುವಾರ ಬರಲಿಲ್ಲ, ಮುಂದಿನ ಭಾನುವಾರವೂ ಬರಲಿಲ್ಲ. ನಾನು ಫೋನ್ ಮಾಡಿದೆ. ಅವನ ತಾಯಿ ಬಹಳ ಹೊತ್ತು ಸುತ್ತಿ ಬಳಸಿ ಮಾತಾಡಿ ಕೊನೆಗೆ ಹೇಳಿದರು, "ಪಾಸ್ಟರ್, ಅವರಪ್ಪಂಗೆ ಕೆಲಸ ಹೋಗಿ ಮೂರು ತಿಂಗಳಾಯ್ತು. ಇನ್ನೂರು ರೂಪಾಯಿ ಕೊಡ್ತೀನಿ ಅಂದೆ, ಅವನೇ ಬೇಡಮ್ಮ ಅಂದ. ಹೋಗೋದೇ ಬೇಡ ಅಂದ."

ಮೈಕಲ್ಲಿ ನನ್ನ ಹೆಸರು ಕರೆದು ಶರ್ಟ್ ಕೊಟ್ಟವರನ್ನು ನಾನು ಇಪ್ಪತ್ತು ವರ್ಷ ಮನಸ್ಸಲ್ಲೇ ದೂರುತ್ತಾ ಬಂದೆ. ಅದನ್ನೇ ನಾನು ಇನ್ನೊಬ್ಬ ಮಗುವಿಗೆ ಮಾಡಿದೆ, ಅದೂ 'ಉದಾರತೆ ಕಲಿಸುವ ಕಾರ್ಯಕ್ರಮ' ಅಂತ ಹೆಸರಿಟ್ಟು. 1 ಕೊರಿಂಥ 11ರಲ್ಲಿ ಪೌಲನು ಕರ್ತನ ಮೇಜಿನ ವಿಷಯದಲ್ಲಿ ಸಭೆಯವರನ್ನು ಯಾಕೆ ಅಷ್ಟು ಕಠಿಣವಾಗಿ ಗದರಿಸ್ತಾನೆ? ಏನೂ ಇಲ್ಲದವರಿಗೆ ಅವಮಾನ ಮಾಡಿದ್ದಕ್ಕೆ. ನಾನು ಆ ಮನೆಗೆ ಹೋಗಿ ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಅವನು ಏನೂ ಹೇಳಲಿಲ್ಲ, ನೆಲ ನೋಡ್ತಾ ತಲೆ ಆಡಿಸಿದ. ಈಗ ಬರ್ತಿದ್ದಾನೆ, ಕರ್ತನಿಗೆ ಸ್ತೋತ್ರ. ಆದ್ದರಿಂದ ಈ ವರ್ಷ ಯಾವ ಮೊತ್ತವೂ ಇಲ್ಲ, ಮುಂದೆ ಬಂದು ಇಡುವುದೂ ಇಲ್ಲ. ಹಿಂದಿನ ಬಾಗಿಲ ಹತ್ತಿರ ಒಂದು ಡ್ರಮ್ ಇರುತ್ತೆ. ಯಾರು ಹಾಕಿದರು, ಯಾರು ಹಾಕಲಿಲ್ಲ, ಯಾರೂ ನೋಡಲ್ಲ. 2 ಕೊರಿಂಥ 8:12 ಇದಕ್ಕೆ ಆಧಾರ: ಒಬ್ಬನಿಗೆ ಇರುವುದರ ಪ್ರಕಾರ ದೇವರು ಮೆಚ್ಚುತ್ತಾನೆ, ಇಲ್ಲದ್ದರ ಪ್ರಕಾರ ಅಲ್ಲ.

ಸರಿ, ಮನೆಯಲ್ಲಿ ಏನು ಮಾಡಬಹುದು? ನಮ್ಮ ಮನೆಯಲ್ಲಿ ನಡೀತಿರೋದನ್ನು ಹೇಳ್ತೀನಿ, ಇದೇ ಮಾಡಿ ಅಂತಲ್ಲ.

ಮೊದಲು, ಮಕ್ಕಳ ಕಣ್ಣಿಗೆ ಕಾಣುವ ಹಾಗೆ ಕೊಡಿ. ಇದು ನಿಮ್ಮ ಎಡಗೈಗೆ ಗೊತ್ತಾಗಬಾರದು ಅನ್ನೋ ಮತ್ತಾಯ 6ಕ್ಕೆ ವಿರುದ್ಧ ಅಲ್ವಾ ಅಂತ ಒಬ್ಬ ಸಹೋದರ ಕೇಳಿದ. ಅಲ್ಲ. ಅಲ್ಲಿ ಯೇಸು ತುತ್ತೂರಿ ಊದಿಸಿಕೊಂಡು ಕೊಡುವವರನ್ನು ಖಂಡಿಸ್ತಾರೆ, ನಮ್ಮ ಕಾಲದ ತುತ್ತೂರಿ ವಾಟ್ಸಾಪ್ ಸ್ಟೇಟಸ್. ಆದರೆ ಮನೆಯ ಮಗು ಊರ ಜನ ಅಲ್ಲ. ಧರ್ಮೋಪದೇಶಕಾಂಡ 6:7, ಮನೆಯಲ್ಲಿ ಕೂತಿರುವಾಗಲೂ ದಾರಿಯಲ್ಲಿ ನಡೆಯುವಾಗಲೂ ಮಕ್ಕಳಿಗೆ ಕಲಿಸಬೇಕು. ನಾವು ಚಿಕ್ಕವರಿದ್ದಾಗ ಅಮ್ಮ ಸೆರಗಿನ ಗಂಟು ಬಿಚ್ಚಿ ಮಡಚಿದ ನೋಟು ತೆಗೆಯೋದನ್ನ ನೋಡ್ತಿದ್ದೆವು. ಐದು ರೂಪಾಯಿ ಇಡಲೋ ಹತ್ತು ಇಡಲೋ ಅಂತ ಅವಳು ಒಂದು ಕ್ಷಣ ಯೋಚಿಸೋದು ನಮಗೆ ಕಾಣ್ತಿತ್ತು. ಇವತ್ತು ಕ್ಯೂಆರ್ ಕೋಡ್, ಒಂದು 'ಟಿಂಗ್' ಶಬ್ದ. ಮಗುವಿಗೆ ಪಿಜ್ಜಾಗೂ ಅದೇ ಶಬ್ದ, ದಶಮಾಂಶಕ್ಕೂ ಅದೇ ಶಬ್ದ. ಅದಕ್ಕೆ ನಾವು ಡಿಸೆಂಬರಿನಲ್ಲಿ ಮಾತ್ರ ಎಟಿಎಂನಿಂದ ನಗದು ತಂದು ಊಟದ ಮೇಜಿನ ಮೇಲೆ ಇಡ್ತೀವಿ. ಇದು ಬಾಡಿಗೆ, ಇದು ಸ್ಕೂಲ್ ಫೀಸ್, ಇದು ಹಬ್ಬಕ್ಕೆ, ಇದು ಕೊಡೋಕೆ. ಮಗಳೂ ಮಾತಾಡ್ತಾಳೆ. ಹೋದ ಸಲ ಅವಳು "ನಂಗೆ ಎರಡು ಡ್ರೆಸ್ ಬೇಡ, ಒಂದು ಸಾಕು" ಅಂತ ಹೇಳ್ತಾಳೆ ಅಂತ ಕಾಯ್ತಿದ್ದೆ. ಹೇಳಲಿಲ್ಲ. ಇರಲಿ.

ಎರಡನೆಯದು ನಾನು ಕಲಿತದ್ದು ಮಿಜೋರಾಮ್ ವಿಶ್ವಾಸಿಗಳಿಂದ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ತಾಯಂದಿರು 1910ರಿಂದ 'ಬುಹ್‌ಫಾಯ್ ಥಾಮ್' ಅಂತ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ, ಅಂದರೆ ಹಿಡಿ ಅಕ್ಕಿ. ಪ್ರತಿ ಸಲ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಯಲ್ಲಿ ಹಾಕೋದು. ಅದನ್ನು ಒಟ್ಟುಗೂಡಿಸಿ ಮಾರಿ ಸುವಾರ್ತೆಯ ಕೆಲಸಕ್ಕೆ ಕೊಡ್ತಾರೆ. ಬಡ ಮನೆಗಳಿಂದ ಶುರುವಾದದ್ದು ನೂರು ವರ್ಷ ದಾಟಿ ಇವತ್ತಿಗೂ ನಡೀತಿದೆ. ಮಕೆದೋನ್ಯದ ಸಭೆಗಳ ಬಗ್ಗೆ ಪೌಲನು ಹೇಳಿದ್ದು ನೆನಪಾಗುತ್ತೆ, ಕಡುಬಡತನದಲ್ಲಿ ಉಕ್ಕಿದ ಔದಾರ್ಯ. ನಾವು ಡಿಸೆಂಬರ್ 1ರಿಂದ 24ರವರೆಗೆ ಇದನ್ನು ಮಾಡ್ತೀವಿ. ಹಿಡಿ ತೆಗೆಯೋದು ಮಗಳ ಕೆಲಸ. ಚಿಕ್ಕ ಕೈ, ಆದರೂ ದಿನಕ್ಕೆ ಎರಡು ಸಲ ತೆಗೆದರೆ ತಿಂಗಳ ಕೊನೆಗೆ ಡಬ್ಬಿ ಭಾರ ಆಗಿರುತ್ತೆ. ಅವಳ ನೆನಪಿನಲ್ಲಿ ಉಳಿಯೋದು ನನ್ನ ಪ್ರಸಂಗ ಅಲ್ಲ, ಆ ಡಬ್ಬಿ.

ಮೂರನೆಯದು ತಟ್ಟೆ. ಮಂಗಳೂರಿನ ಕಡೆ ಕುಸ್ವಾರ್ ತಟ್ಟೆ ಯಾವ ಜಾತಿ ಧರ್ಮ ನೋಡದೆ ನೆರೆಮನೆಗಳಿಗೆ ಹೋಗುತ್ತೆ, ನಿಮ್ಮಲ್ಲಿ ಅನೇಕರಿಗೆ ಗೊತ್ತು. ನಮ್ಮ ಮನೆಯಲ್ಲಿ ಕಲ್ಕಲ ಮಾಡ್ತೀವಿ. ಫೋರ್ಕಿನ ಬೆನ್ನಿಗೆ ಹಿಟ್ಟು ಒತ್ತಿ ಸುರುಳಿ ಸುತ್ತೋದು ಮಕ್ಕಳಿಗೆ ಆಟ. ನಿಯಮ ಒಂದೇ. ಮೊದಲ ತಟ್ಟೆ ಹೊರಗೆ ಹೋದ ಮೇಲೆ ನಾವು ತಿನ್ನೋದು. ಸೀದದ್ದು, ಮುರಿದದ್ದು ನಮಗೆ. ಬೀದಿ ಗುಡಿಸುವ ಅಕ್ಕ, ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಂಕಲ್, ಸಂಕ್ರಾಂತಿಗೆ ನಮ್ಮ ಮನೆಗೆ ಎಳ್ಳು-ಬೆಲ್ಲ ತರುವ ಎದುರು ಮನೆ ಆಂಟಿ. ಮಗಳೇ ತಗೊಂಡು ಹೋಗ್ತಾಳೆ, ಹೆಸರು ಹಿಡಿದು ಮಾತಾಡಿಸ್ತಾಳೆ. ಆ ಅಕ್ಕನ ಹೆಸರು ನನಗೆ ನಾಲ್ಕು ವರ್ಷ ಗೊತ್ತಿರಲಿಲ್ಲ. ಮಗಳು ಬಂದು ಹೇಳಿದಳು. ಕೊಡುವಾಗ ಕರಪತ್ರ ಸೇರಿಸಿ ಕೊಡಬೇಕಾ ಅಂತ ಕೇಳ್ತೀರಿ. ನನ್ನ ಅಭಿಪ್ರಾಯ, ಬೇಡ. ಅವರು ಯಾಕೆ ಅಂತ ಕೇಳಿದರೆ ನಿಮ್ಮ ಮಗು ಹೇಳುತ್ತೆ. ಕಲ್ಕಲ ಗಾಳ ಅಲ್ಲ.

ಅನಾಥಾಶ್ರಮಕ್ಕೆ ಹೋಗುವ ಗುಂಪುಗಳಿಗೆ ಒಂದು ಮಾತು. ಡಿಸೆಂಬರ್ 20ರಿಂದ 25ರವರೆಗೆ ಅಲ್ಲಿನ ಮಕ್ಕಳು ಕೇಕ್ ತಿಂದು ತಿಂದು ಸುಸ್ತಾಗಿರ್ತಾರೆ. ಬಂದ ಪ್ರತಿ ಗುಂಪಿಗೂ ಅದೇ ಹಾಡು, ಅದೇ ಥ್ಯಾಂಕ್ಯೂ. ಜೂನ್‌ನಲ್ಲಿ ಸ್ಕೂಲ್ ಶುರುವಾದಾಗ ನೋಟ್‌ಬುಕ್, ಶೂ ಬೇಕು, ಆಗ ಯಾರೂ ಇರಲ್ಲ. ಅದಕ್ಕೆ ನಮ್ಮ ಸಭೆಯಲ್ಲಿ ಈ ವರ್ಷದ ಕ್ರಿಸ್ಮಸ್ ಕಾಣಿಕೆಯಲ್ಲಿ ಅರ್ಧವನ್ನು ಜೂನ್‌ಗೆ ಇಡ್ತಿದ್ದೀವಿ. ಮಕ್ಕಳನ್ನು ಕರಕೊಂಡು ಹೋಗೋದಾದರೆ ಫೋನ್ ಬ್ಯಾಗಿನಲ್ಲಿರಲಿ. ನಿಮ್ಮ ಮಗುವೂ ಅಲ್ಲಿನ ಮಗುವೂ ಒಟ್ಟಿಗೆ ಕ್ರಿಕೆಟ್ ಆಡಲಿ. ಸಾಧ್ಯವಾದರೆ ನಿಮ್ಮ ಮಗು ಸೋಲಲಿ.

ಇವತ್ತು ಕೂತಿರುವವರಲ್ಲಿ ಕೈ ಖಾಲಿ ಇರುವವರೂ ಇದ್ದೀರಿ, ನನಗೆ ಗೊತ್ತು. ಲೇಆಫ್ ಆದವರು ಇದ್ದೀರಿ, ಮನೆಯಲ್ಲಿ ಇನ್ನೂ ಹೇಳದವರೂ ಇದ್ದೀರಿ. ನಿಮ್ಮ ಮಕ್ಕಳ ಹತ್ತಿರ ಸುಳ್ಳು ಹೇಳಬೇಡಿ. "ಈ ವರ್ಷ ನಮ್ಮದು ಎರಡು ಪಾರಿವಾಳದ ವರ್ಷ" ಅಂತ ಹೇಳಿ. ಹಿಡಿ ಅಕ್ಕಿ ನೀವೂ ತೆಗೆಯಬಹುದು, ಇಲ್ಲದಿದ್ದರೆ ಪಕ್ಕದ ಮನೆಯ ಅಜ್ಜಿಗೆ ಒಂದು ಸಂಜೆ ಕೊಡಬಹುದು. ಹಾಗೇ ತಗೊಳ್ಳುವ ಸರದಿ ಬಂದರೆ ತಗೊಳ್ಳಿ, ನಾಚಿಕೆ ಬೇಡ. ಆರಾಧನೆ ಆದಮೇಲೆ ನನಗೆ ಒಂದು ಮೆಸೇಜ್ ಹಾಕಿ. ಮೈಕಲ್ಲಿ ಯಾರ ಹೆಸರೂ ಬರಲ್ಲ, ಇದು ನನ್ನ ಮಾತು.

ಈಗ ಗೊಂಬೆ ಕಥೆ. ಮಗಳಿಗೆ ಈಗ ಎಂಟು. ಈ ವರ್ಷವೂ ಬಾಕ್ಸ್ ಇಟ್ಟಿದ್ದೀವಿ. ನಾನು ಈ ಸಲ ಹೊಸ ಶರ್ಟ್ ಹಾಕಿದೆ, ನನಗೆ ಅಂತ ತಂದದ್ದು, ನೀಲಿ ಬಣ್ಣದ್ದು. ಬೆಲೆ ಚೀಟಿ ಕಿತ್ತು ಹಾಕಿದೆ. ಹೆಂಡತಿ ಒಂದು ಸೀರೆ ಹಾಕಿದ್ದಾಳೆ. ಮಗಳು ಇಲ್ಲಿಯವರೆಗೆ ಏನೂ ಹಾಕಿಲ್ಲ. ದಿನಾ ರಾತ್ರಿ ಮಲಗೋಕೆ ಮುಂಚೆ ಬಾಕ್ಸ್ ಹತ್ತಿರ ಬರ್ತಾಳೆ, ಒಳಗೆ ಇಣುಕಿ ನೋಡ್ತಾಳೆ, ಹೋಗ್ತಾಳೆ. ನಿನ್ನೆ ಅವಳ ಕಂಕುಳಲ್ಲಿ ಅವಳ ಮೊಲದ ಗೊಂಬೆ ಇತ್ತು, ಹುಟ್ಟಿದಾಗಿನಿಂದ ಅದಿಲ್ಲದೆ ಮಲಗಲ್ಲ. ಬಹಳ ಹೊತ್ತು ನಿಂತಿದ್ದಳು. ಆಮೇಲೆ ಅದನ್ನು ಎತ್ತಿಕೊಂಡೇ ರೂಮಿಗೆ ಹೋದಳು. ನಾನು ಸೋಫಾದಲ್ಲಿ ಕೂತು ಫೋನ್ ನೋಡೋ ಹಾಗೆ ನಟಿಸ್ತಿದ್ದೆ. ಇನ್ನೂ ಹತ್ತು ದಿನ ಇದೆ.

ಎಲ್ಲರೂ ಎದ್ದು ನಿಲ್ಲೋಣ. ಮಕ್ಕಳಿರುವವರು ಮಕ್ಕಳನ್ನು ಹತ್ತಿರ ಕರೆದುಕೊಳ್ಳಿ. ಪ್ರಾರ್ಥಿಸೋಣ.